ಆಂಜನೇಯನ ಕಾಲ ಕೆಳಗಿನ ಬಿರುಕು

ಶಾಮಣ್ಣನ ಮುಖ ನೋಡದೆ ಗೇಟು ದಾಟುವ ವಿದ್ಯೆಯನ್ನು ಗಿರಿಜಾದೇವಿ ಐದೇ ದಿನಗಳಲ್ಲಿ ಕಲಿತುಬಿಟ್ಟಿದ್ದಳು. ಬಸ್ಸಿಳಿದು ಜಯನಗರ ಏಳನೇ ಬ್ಲಾಕಿನ ತಿರುವು ಬರುವಾಗಲೇ ಮೊಬೈಲನ್ನು ಕಿವಿಗಿಡುವುದು, ಆ ಕಡೆ ಯಾರೂ ಇಲ್ಲದಿದ್ದರೂ ಹ್ಞೂಂ ಹ್ಞೂಂ ಎನ್ನುತ್ತ ಬರುವುದು, ಗೇಟಿನ ಹತ್ತಿರ ಏನೋ ಗಹನವಾದದ್ದು ಕೇಳಿಸಿದವಳಂತೆ ಹುಬ್ಬು ಗಂಟಿಕ್ಕಿ ತಲೆ ತಗ್ಗಿಸುವುದು. ಆರನೆಯ ದಿನವಾದ ಈ ಶನಿವಾರ, ಸರಿಯಾಗಿ ಹುಬ್ಬು ಗಂಟಿಕ್ಕಿದ ಹೊತ್ತಿಗೆ, ಕಿವಿಗೊತ್ತಿದ್ದ ಮೊಬೈಲು ಹಾಗೇ ಜೋರಾಗಿ ರಿಂಗಾಯಿತು. ಗೇಟಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಿಂದ ವಾಚ್‌ಮನ್ ಶಾಮಣ್ಣ ತಲೆಯೆತ್ತಿದ. "ಯಾರ್ದೋ ಫೋನು ಬತ್ತಾ ಅದೆ ಕಣವ್ವ," ಅಂದ. ಅವನು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅವಳು ಫೋನೆತ್ತಿದಳು. ಸಾಲ ಬೇಕೇ ಎಂದು ರೆಕಾರ್ಡಿನ ಹೆಂಗಸೊಬ್ಬಳು ಕೇಳುತ್ತಿದ್ದಳು. ಗಿರಿಜಾ ಅವಳಿಗೂ ಹ್ಞೂಂ ಹ್ಞೂಂ ಎನ್ನುತ್ತಲೇ ಪಾರ್ಕಿಂಗಿನತ್ತ ಓಡಿದಳು.

ಅವಳು ಓಡಿಸುವ ಕಾರಿನ ಕವರಿನ ನಾಲ್ಕು ಮೂಲೆಗಳನ್ನೂ ಶಾಮಣ್ಣ ಹಗ್ಗದಿಂದ ಬಿಗಿದು ಕಟ್ಟಿದ್ದ. ಹೋದ ಸೋಮವಾರದವರೆಗೆ ಕಟ್ಟುತ್ತಿರಲಿಲ್ಲ, ಸುಮ್ಮನೆ ಹೊದಿಸುತ್ತಿದ್ದ, ಅಷ್ಟೇ. ಒಂದೊಂದು ಗಂಟಿಗೂ ಎರಡೆರಡು ಸುತ್ತು. ಹೊದಿಸಿದ್ದೇನೆ ನೋಡಿ, ಯಾರು ಬೇಕಾದರೂ ಬಂದು ನೋಡಿ ಎಂದು ಹೇಳುವ ಗಂಟುಗಳು. ಅವನ್ನು ಬಿಚ್ಚಲು ಅವಳಿಗೆ ದಿನವೂ ಐದು ನಿಮಿಷ ಹೆಚ್ಚು ಬೇಕಾಗುತ್ತಿತ್ತು. ಉಗುರು ಮುರಿಯುತ್ತಿತ್ತು. ಮುರಿಯಲಿ, ಇದಾದರೂ ಶಿಕ್ಷೆ ಎಂದುಕೊಂಡು ಅವಳು ಮುರಿದ ಉಗುರನ್ನು ಒಂಥರಾ ತೃಪ್ತಿಯಿಂದ ನೋಡಿಕೊಳ್ಳುತ್ತಿದ್ದಳು. ಶಿಕ್ಷೆಗಳಲ್ಲೂ ಅಗ್ಗದ್ದನ್ನೇ ಆರಿಸಿಕೊಳ್ಳುವ ಬುದ್ಧಿ.

ಅಗ್ಗದ ಬುದ್ಧಿಯಿಂದಲೇ ಎಲ್ಲ ಶುರುವಾಗಿದ್ದು. ಹೋದ ವಾರದ ಶುಕ್ರವಾರ ಬನಶಂಕರಿ ಸಿಗ್ನಲ್ಲಿನಲ್ಲಿ ಸ್ಕೂಟರಿನವನೊಬ್ಬ ಎಡಗಡೆಯಿಂದ ನುಗ್ಗಿ, ಅವಳು ಬ್ರೇಕು ತುಳಿದು, ಪಕ್ಕದ ಸೀಟಿನಲ್ಲಿದ್ದ ಸರಸ್ವತಿ ಮೇಡಂ ಮುಂದಕ್ಕೆ ವಾಲಿ, ಕಾರು ಅವನ ಸೈಲೆನ್ಸರಿಗೆ ಒಂದು ಗೇಣು ಉಳಿದಂತೆ ನಿಂತಿತ್ತು. ಮೇಡಂ "ಗುಡ್" ಅಂದಿದ್ದರು, ಪರೀಕ್ಷೆಯ ಪೇಪರಿನ ಮೇಲೆ ಬರೆದ ಹಾಗೆ. ಮೂವತ್ತು ವರ್ಷ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಟ್ಟವರು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು, ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ನಾಲ್ಕು ವರ್ಷ ಷರ್ಟುಗಳ ಚೆಕಿಂಗ್ ಮಾಡಿ, ಆಮೇಲೆ ಹೆಂಗಸರಿಗಾಗಿ ಯಾರೋ ನಡೆಸುತ್ತಿದ್ದ ಡ್ರೈವಿಂಗ್ ತರಬೇತಿಗೆ ಸೇರಿ ಇಲ್ಲಿಗೆ ಬಂದ ಗಿರಿಜಾಗೆ ಜೀವನದಲ್ಲಿ ಸಿಕ್ಕ ಮೊದಲ 'ಗುಡ್' ಅದು. ಆ ಖುಷಿಗೆ ಏನಾದರೂ ಮಾಡಲೇಬೇಕೆನಿಸಿತು. ಮಾರನೆಯ ದಿನ ಶನಿವಾರ, ಆಂಜನೇಯನ ವಾರ. ಡ್ಯಾಶ್‌ಬೋರ್ಡಿನ ಮೇಲೆ ಮೇಡಂ ಸೀಟಿನ ಎದುರಿಗೆ ಹೆಬ್ಬೆರಳುದ್ದದ ಆಂಜನೇಯ ಅಂಟಿಕೊಂಡಿದ್ದ. ಮೇಡಂ ಇಳಿದು ಬರುವ ಮುಂಚೆ ಅವನ ಕಾಲ ಬಳಿ ಒಂದು ವೀಳ್ಯದೆಲೆ ಇಟ್ಟು, ಅದರ ಮೇಲೆ ಎರಡು ಬಿಲ್ಲೆ ಕರ್ಪೂರ ಇಟ್ಟು ಹಚ್ಚಿದಳು. ಗಾಳಿಗೆ ಆರಬಾರದೆಂದು ಗಾಜು ಏರಿಸಿದ್ದಳು. ಎಲೆ ಇದೆಯಲ್ಲ, ಏನೂ ಆಗುವುದಿಲ್ಲ ಎಂಬುದು ಅವಳ ವಿಜ್ಞಾನ. ಕಣ್ಣು ಮುಚ್ಚಿ ಕೈ ಮುಗಿದು, ತೆರೆದಾಗ ಎಲೆ ಹಪ್ಪಳದಂತೆ ಸುರುಟಿ, ಉರಿಯುವ ಬಿಲ್ಲೆ ಪಕ್ಕಕ್ಕೆ ಜಾರಿ, ಬೂದು ಬಣ್ಣದ ಪ್ಲಾಸ್ಟಿಕ್ ಹಾಲಿನ ಕೆನೆಯಂತೆ ಉಬ್ಬುತ್ತಿತ್ತು. ಅಂಗೈಯಿಂದ ಒತ್ತಿ ಆರಿಸಿದಳು. ಉಬ್ಬಿದ್ದು ಇಳಿದು ನಾಲ್ಕಾಣೆಯಗಲ ಕಂದು ಕಲೆಯಾಯಿತು. ಮೇಡಂ ಬಂದು ಕೂತು ಮೂಗರಳಿಸಿ, "ಆಹಾ, ದೇವಸ್ಥಾನದಲ್ಲಿ ಕೂತ ಹಾಗಿದೆ" ಅಂದರು. ಆಗಲೇ ಹೇಳಬಹುದಿತ್ತು. ಹೂವಿನ ಎಸಳೊಂದನ್ನು ಕಲೆಯ ಮೇಲೆ ಸರಿಸಿ ಅವಳು ಗೇರು ಹಾಕಿದಳು.

ಭಾನುವಾರ ಅವಳಿಗೆ ರಜಾ. ಸೋಮವಾರ ಬರುವಷ್ಟರಲ್ಲಿ ಕಲೆಯಿಂದ ಬಿರುಕೊಂದು ಹೊರಟು ಎಸಿ ಗಾಳಿ ಬರುವ ಕಿಂಡಿಯವರೆಗೆ ಹೋಗಿತ್ತು, ಅಂಗೈಯ ಆಯುಷ್ಯರೇಖೆಯಷ್ಟು ಸೊಟ್ಟಗೆ, ಅದಕ್ಕಿಂತ ಉದ್ದಕ್ಕೆ. ಮೇಡಂ ಕನ್ನಡಕ ಏರಿಸಿ ನೋಡಿದರು. ಬೆರಳಿಂದ ಸವರಿದರು. "ಶಾಖಕ್ಕೆ ಹೀಗಾಗಿರೋದು. ಕಾರಣ ಇಲ್ದೆ ಕಾರ್ಯ ಇಲ್ಲ. ನಿನ್ನೆ ಇಡೀ ದಿನ ಬಿಸಿಲಲ್ಲಿ ಬಿಟ್ಟಿದಾನೆ," ಅಂದರು. ಶಾಖ ಎಂಬ ಮಟ್ಟಿಗೆ ಅವರದು ಪೂರ್ತಿ ಸರಿಯಾಗಿತ್ತು. ಶಾಮಣ್ಣನನ್ನು ಕರೆದರು. ಅವನು, "ಮಧ್ಯಾಹ್ನ ಹನ್ನೆಲ್ಡಕ್ಕೇ ಹೊದಿಸಿವ್ನಿ ಮೇಡಂ, ದಿನಾ ಹೊದಿಸ್ತೀನಿ" ಅಂದ. "ಹಾಗಾದ್ರೆ ತಾನಾಗೇ ಸೀಳ್ತಾ?" ಅಂದರು ಮೇಡಂ. ಶಾಮಣ್ಣ ಗಿರಿಜಾಳ ಕಡೆ ನೋಡಿದ, ನೀನಾದರೂ ಹೇಳವ್ವ, ಬೆಳಿಗ್ಗೆ ಬಂದಾಗ ಕವರ್ ಇತ್ತೋ ಇಲ್ಲವೋ ಎಂಬಂತೆ. ಇತ್ತು. ಅವಳೇ ತೆಗೆದಿದ್ದಳು. ಗಿರಿಜಾ ಹಿಂದಿನ ಚಕ್ರದ ಗಾಳಿಯನ್ನು ಕಾಲಿನಿಂದ ಒತ್ತಿ ಪರೀಕ್ಷಿಸತೊಡಗಿದಳು. ಗಾಳಿ ಸರಿಯಾಗಿತ್ತು. ಸರಿಯಾಗಿದೆಯೆಂದು ಗೊತ್ತಾದ ಮೇಲೂ ಬಹಳ ಹೊತ್ತು ಒತ್ತುತ್ತಿದ್ದಳು.

ಮೇಡಂ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ನಿನ ದೂರಿನ ಪುಸ್ತಕದಲ್ಲಿ ನಾಲ್ಕು ಸಾಲು ಬರೆದರು. ಮೂರನೇ ಮಹಡಿಯ ಸೆಕ್ರೆಟರಿ ಸೇತುರಾಮನಿಗೆ ಬೇಕಾಗಿದ್ದೂ ಅಷ್ಟೇ. ಆರು ವರ್ಷದಿಂದ ಇರುವ ಶಾಮಣ್ಣನನ್ನು ತೆಗೆದು, ಟೋಪಿ ಬೂಟು ಹಾಕಿದ ಏಜೆನ್ಸಿಯವರನ್ನು ಇಡಬೇಕೆಂದು ಅವನು ವರ್ಷದಿಂದ ಹೇಳುತ್ತಿದ್ದ. ಭಾನುವಾರ ಮೀಟಿಂಗ್ ಎಂದು ಲಿಫ್ಟಿನ ಪಕ್ಕ ಚೀಟಿ ಬಿತ್ತು. ಬಸ್ಸಿನಲ್ಲಿ ವಸಂತಪುರಕ್ಕೆ ಹೋಗುವಾಗ ಗಿರಿಜಾ ಮೇಡಂಗೆ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದಳು: ಮೇಡಂ, ಕರ್ಪೂರ ಹಚ್ಚಿದ್ದು ನಾನು. ನಾಲ್ಕೇ ಪದ. ಹೇಳಿದರೆ ಏನಾಗುತ್ತದೆ? ಸ್ಟೇರಿಂಗು ಹೋಗುತ್ತದೆ, ಮತ್ತೆ ಬೊಮ್ಮನಹಳ್ಳಿಯ ಟ್ಯೂಬ್‌ಲೈಟಿನ ಕೆಳಗೆ ಷರ್ಟಿನ ಕೊರಳು ತಿರುವಿ ತಿರುವಿ ನೋಡುತ್ತ ನಿಲ್ಲಬೇಕು. ಅಲ್ಲಿ ಹೊಲಿಗೆ ತಪ್ಪಿದ ಜಾಗಕ್ಕೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು ಅವಳ ಕೆಲಸವಾಗಿತ್ತು. ಯಾರ ತಪ್ಪು ಎಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಬಾಣವೇ ಹೇಳುತ್ತಿತ್ತು. ಉತ್ತರಹಳ್ಳಿ ದಾಟುವಾಗ ಅವಳಿಗೆ ಹೊಳೆಯಿತು: ಬಿರುಕೇ ಇಲ್ಲದಿದ್ದರೆ ದೂರೆಲ್ಲಿ? ಭಾನುವಾರದೊಳಗೆ ಅದನ್ನು ಮಾಯ ಮಾಡಿಬಿಟ್ಟರೆ ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ. ಇಷ್ಟು ಬುದ್ಧಿ ತನಗೆಲ್ಲಿಂದ ಬಂತೆಂದು ಆಶ್ಚರ್ಯಪಟ್ಟು ಅವಳು ಒಂದು ಸ್ಟಾಪು ಮುಂದೆ ಹೋಗಿ ಇಳಿದಳು.

ಮಂಗಳವಾರ ಕೊಬ್ಬರಿ ಎಣ್ಣೆ. ಮೊಬೈಲಿನ ವಿಡಿಯೋದಲ್ಲಿ ಹಿಂದಿಯವನೊಬ್ಬ ಎಣ್ಣೆ ಸವರಿ ಡ್ಯಾಶ್‌ಬೋರ್ಡು ಹೊಳೆಯಿಸಿದ್ದ. ಅವನ ಭಾಷೆ ಅರ್ಥವಾಗದಿದ್ದರೂ ಕೈ ಅರ್ಥವಾಗುತ್ತಿತ್ತು. ಹೊಳೆಯಿತು, ನಿಜ. ಜೊತೆಗೆ ಇಡೀ ಔಟರ್ ರಿಂಗ್ ರೋಡಿನ ಧೂಳು ಬಂದು ಎಣ್ಣೆಗಂಟಿ, ಮೊದಲು ಮೇಡಂ ಕನ್ನಡಕಕ್ಕೆ ಮಾತ್ರ ಕಾಣುತ್ತಿದ್ದ ಬಿರುಕು ಕಾಡಿಗೆ ತೀಡಿದ ಹಾಗೆ ಎದ್ದು ಕಂಡಿತು. "ದಿನದಿಂದ ದಿನಕ್ಕೆ ಜಾಸ್ತಿ ಆಗ್ತಿದೆ, ನೋಡು, ಅವನ ದೆಸೆಯಿಂದ," ಅಂದರು ಮೇಡಂ.

ಬುಧವಾರ ಅಡುಗೆ ಸೋಡ ಮತ್ತು ಕ್ಷಣದಲ್ಲಿ ಅಂಟುವ ಆ ಪುಟ್ಟ ಟ್ಯೂಬಿನ ಗಮ್ಮು. ಬಿರುಕಿಗೆ ಸೋಡ ತುಂಬಿ ಮೇಲೊಂದು ಹನಿ ಬಿಟ್ಟರೆ ಕಲ್ಲಾಗುತ್ತದೆ ಎಂದು ಇನ್ನೊಬ್ಬನ ಕೈ ಹೇಳಿತ್ತು. ಹನಿ ಒಂದರ ಬದಲು ಆರು ಬಿತ್ತು. ಹರಿದದ್ದನ್ನು ತಡೆಯಲು ಅವಳು ತೋರುಬೆರಳು ಇಟ್ಟಳು. ಬೆರಳು ಅಲ್ಲೇ ಉಳಿಯಿತು. ಅದೇ ಹೊತ್ತಿಗೆ, ಹತ್ತು ನಿಮಿಷ ಮುಂಚಿತವಾಗಿ, ಕೋಲೂರುತ್ತ ಮೇಡಂ ಬಂದು ಎಡಗಡೆಯ ಬಾಗಿಲು ತೆಗೆದರು. ಡ್ರೈವರ್ ಸೀಟಿನಿಂದ ಅಡ್ಡಡ್ಡ ಬಾಗಿ, ಆಂಜನೇಯನ ಪಾದದ ಬಳಿ ಬೆರಳಿಟ್ಟುಕೊಂಡು ಗಿರಿಜಾ ಕಣ್ಣು ಮುಚ್ಚಿದಳು. ತುಟಿ ಅಲ್ಲಾಡಿಸಿದಳು. "ಓ, ಸಾರಿ. ಮುಗಿಸ್ಕೋಮ್ಮ, ಅವಸರ ಇಲ್ಲ," ಎಂದು ಮೇಡಂ ಬಿಸಿಲಿನಲ್ಲೇ ನಿಂತರು. ನೋಯುವ ಮಂಡಿಯ, ಎಪ್ಪತ್ತೊಂದು ವರ್ಷದ ಹೆಂಗಸು ತನ್ನ ಭಕ್ತಿಗಾಗಿ ಕಾಯುತ್ತಿದ್ದಾರೆ, ತಾನು ಬೆರಳು ಕೀಳಲು ಹೆಣಗುತ್ತಿದ್ದಾಳೆ. ಆಂಜನೇಯ ಇಬ್ಬರನ್ನೂ ನೋಡುತ್ತ ಗದೆ ಹಿಡಿದು ನಿಂತಿದ್ದ. ನೂರೆಂಟು ನಾಮಕ್ಕೆ ಬೇಕಾಗುವಷ್ಟು ಹೊತ್ತಾದ ಮೇಲೆ ಬೆರಳು ಬಂತು, ಒಂದಿಷ್ಟು ಚರ್ಮ ಅಲ್ಲೇ ಬಿಟ್ಟು. ರಾಗಿಗುಡ್ಡದ ದೇವಸ್ಥಾನದ ದಾರಿಯುದ್ದಕ್ಕೂ ಮೇಡಂ, "ಈ ಕಾಲದಲ್ಲಿ ಇಷ್ಟು ಶ್ರದ್ಧೆ ಇರೋ ಹುಡುಗೀರು ಎಲ್ಲಿ ಸಿಗ್ತಾರೆ" ಎನ್ನುತ್ತಿದ್ದರು. ಬಿರುಕಿನ ಸುತ್ತ ಗಮ್ಮಿನ ಹೊಗೆ ಕೂತು ಬಿಳಿ ಬೂಷ್ಟಿನ ಹಾಗೆ ಹರಡಿತ್ತು. ಅದನ್ನವರು ವಿಭೂತಿ ಎಂದುಕೊಂಡಿರಬೇಕು.

ಗುರುವಾರ ಸೋತು, ಮೇಡಂ ಫಿಸಿಯೋಥೆರಪಿಗೆ ಹೋದ ಮುಕ್ಕಾಲು ಗಂಟೆಯಲ್ಲಿ, ಬನಶಂಕರಿಯ ಸೀಟ್ ಕವರ್ ಅಂಗಡಿಯೊಂದರ ಮುಂದೆ ನಿಂತಳು. ಅಂಗಡಿಯವನು ಒಳಗೆ ಇಣುಕಿ ನಾಲಿಗೆ ಲೊಚಗುಟ್ಟಿದ.

"ಏನಕ್ಕ ಇದು, ಡ್ಯಾಶ್‌ಬೋರ್ಡ್ ಮೇಲೆ ದೋಸೆ ಹುಯ್ದ್ರಾ?"

ಅವಳು ನೆಲ ನೋಡಿದಳು.

"ಹೊಸದು ಹಾಕ್ಸೋಕೆ ಹೋಗ್ಬೇಡಿ, ಈ ಗಾಡಿಗೆ ದಂಡ. ಒಂದು ಮ್ಯಾಟ್ ಹಾಸ್ಬಿಡಿ. ಮುಚ್ಚೋಗತ್ತೆ. ಸಖತ್ ಲುಕ್ಕು. ಒಳಗೇನಿದೆ ಅಂತ ಯಾರು ಎತ್ ನೋಡ್ತಾರೆ?"

ಯಾರು ಎತ್ತಿ ನೋಡುತ್ತಾರೆ. ಅವಳೇ, ಇನ್ಯಾರು? ನಾಲ್ಕು ವರ್ಷ ಇನ್ನೊಬ್ಬರು ಮಡಿಸಿಟ್ಟದ್ದನ್ನು ಬಿಚ್ಚಿ ನೋಡಿದವಳು. ಮ್ಯಾಟು ಬೇಡವೆಂದು, ಅದನ್ನೂ ಬಾಯಲ್ಲಿ ಹೇಳಲಾಗದೆ ತಲೆಯಲ್ಲಾಡಿಸಿ, ನುಣುಪು ಉಪ್ಪುಕಾಗದದ ಎರಡು ಹಾಳೆ ಮಾತ್ರ ಕೊಂಡಳು. ಅಂಗಡಿಯವನು ಹಿಂದಿನಿಂದ, "ಮಾತಾಡಿದ್ರೆ ಜಿಎಸ್‌ಟಿ ಹಾಕಲ್ಲ ಅಕ್ಕ" ಅಂದ.

ನಿನ್ನೆ ಶುಕ್ರವಾರ ಮೇಡಂ ಬಸವನಗುಡಿಯ ತಂಗಿಯ ಮನೆಗೆ ಊಟಕ್ಕೆ ಹೋದರು. ಮೂರು ಗಂಟೆ ಕಾಲ ಹೊಂಗೆ ಮರದ ನೆರಳಿನಲ್ಲಿ ಕಾರು ಅವಳದು. ಮೊದಲು ಸೀಗೆಕಾಯಿ ಪುಡಿಯಲ್ಲಿ ಎಣ್ಣೆ ತೊಳೆದಳು. ತನ್ನ ಚರ್ಮವನ್ನೂ ಸೇರಿಸಿ ಗಮ್ಮಿನ ಉಬ್ಬನ್ನೆಲ್ಲ ಉಪ್ಪುಕಾಗದದಿಂದ ಉಜ್ಜಿದಳು. ಕೊಳಾಯಿ ಸೋರಿದಾಗ ಹಚ್ಚುವ, ಎರಡು ಉಂಡೆ ಕಲೆಸುವ ಮೇಣದಂಥ ಅಂಟನ್ನು ಚಪಾತಿ ಹಿಟ್ಟಿನ ಹಾಗೆ ನಾದಿ ಬಿರುಕಿಗೆ ತುಂಬಿದಳು. ಅದು ಗಟ್ಟಿಯಾಗುವ ಮುಂಚೆ, ಮನೆಯಿಂದ ತಂದಿದ್ದ ಹಳೆಯ ಸ್ಕೂಲ್‌ಬ್ಯಾಗಿನ ರೆಕ್ಸಿನ್ ತುಂಡನ್ನು ಮೇಲಿಟ್ಟು ಒತ್ತಿದಳು. ರೆಕ್ಸಿನ್ನಿನ ಸಣ್ಣ ಸಣ್ಣ ಸುಕ್ಕು ಅಂಟಿನಲ್ಲಿ ಮೂಡಿ, ಸುತ್ತಲಿನ ಪ್ಲಾಸ್ಟಿಕ್ಕಿನ ಸುಕ್ಕಿನ ಜೊತೆ ಕಲೆತುಹೋಯಿತು. ಇದನ್ನು ಯಾವ ವಿಡಿಯೋದವನೂ ಹೇಳಿರಲಿಲ್ಲ. ಇದು ಅವಳದೇ. ಒಣಗಿದ ಮೇಲೆ ಬಟ್ಟೆಗೆ ಬಳಿಯುವ ಬಿಳಿ ಕಪ್ಪು ಬಣ್ಣ ಬೆರೆಸಿ, ಹನಿಹನಿಯಾಗಿ ಸರಿಮಾಡಿ, ಬೂದು ತಂದು ಬಳಿದಳು. ಹಿಂದೆ ಸರಿದು ಕಣ್ಣು ಕಿರಿದಾಗಿಸಿ ನೋಡಿದಳು. ಚೆಕಿಂಗ್ ಟೇಬಲ್ಲಿಗೆ ಬಂದಿದ್ದರೆ ಬಾಣ ಅಂಟಿಸದೆ ಮುಂದೆ ಕಳಿಸುತ್ತಿದ್ದಳು. ಯಾರಿಗಾದರೂ ತೋರಿಸಬೇಕೆಂದು ಆಸೆಯಾಯಿತು. ತೋರಿಸಬಹುದಾದವರೊಬ್ಬರೂ ಇಲ್ಲವೆಂಬುದು ಆಗ ನೆನಪಾಯಿತು. ಬಣ್ಣ ಹಸಿಯಿತ್ತು. ಮೇಡಂ ಬಂದಾಗ ಅದರ ಮೇಲೆ ಮುಟ್ಟಿಯೂ ಮುಟ್ಟದಂತೆ ನ್ಯೂಸ್‌ಪೇಪರು ಹರಡಿ, "ಬಿಸ್ಲು ಮೇಡಂ" ಅಂದಳು. ಒಳ್ಳೆಯ ಹುಡುಗಿ ಎಂಬಂತೆ ಅವರು ತಲೆದೂಗಿದರು.

ಈಗ ಕೊನೆಯ ಗಂಟು ಬಿಚ್ಚಿ ಕವರ್ ಮಡಿಸಿ, ಒಳಗೆ ಕೂತು ಪೇಪರ್ ತೆಗೆದಳು. ಬಿರುಕು ಇರಲಿಲ್ಲ. ನಿಜವಾಗಿ ಇರಲಿಲ್ಲ. ಮೇಡಂ ಬಂದು ಕೂತರು, ಬೆಲ್ಟು ಹಾಕಿಕೊಂಡರು, ಕನ್ನಡಕ ಏರಿಸಿದರು. ಬೆರಳಿನಿಂದ ಸವರಿದರು.

"ಹೋಗ್ಬಿಟ್ಟಿದೆಯಲ್ಲೇ!"

"ಹ್ಞೂಂ ಮೇಡಂ."

"ನೀನು ಬಂದಾಗ್ಲೇ ಹೀಗಿತ್ತಾ?"

ಇತ್ತು. ಅದು ಸುಳ್ಳಲ್ಲ. ಅವಳು ತಲೆಯಾಡಿಸಿದಳು. ಈಗ ಮುಗಿಯಿತು, ಮೇಡಂ ದೂರು ಹರಿದುಹಾಕುತ್ತಾರೆ ಎಂದುಕೊಳ್ಳುತ್ತ ಕಾರನ್ನು ಗೇಟಿನಿಂದ ಹೊರಗೆ ತಂದಳು. ಶಾಮಣ್ಣ ಎದ್ದು ಗೇಟು ಹಿಡಿದು ನಿಂತಿದ್ದ. ಮೇಡಂ ಗಾಜಿನಾಚೆ ಅವನನ್ನೇ ನೋಡುತ್ತ, ಸೂತ್ರ ಬಿಡಿಸಿದವರ ಹಾಗೆ ನಕ್ಕರು.

"ನೋಡಿದ್ಯಾ ಗಿರಿಜಾ? ಕಾರ್ ಹತ್ರ ಇಡೀ ದಿನ ಇರೋನು, ಇನ್ನೊಂದು ಕೀ ಇಟ್ಕೊಂಡಿರೋನು ಯಾರು? ಅವನೇ. ಯಾರ್ನೋ ಕರೆಸಿ ಗುಟ್ಟಾಗಿ ರಿಪೇರಿ ಮಾಡ್ಸಿದಾನೆ. ತಪ್ಪು ಮಾಡ್ದೆ ಇರೋನು ಯಾಕಪ್ಪ ರಿಪೇರಿ ಮಾಡ್ಸ್ತಾನೆ? ಪಾಪ, ಬಾಯ್ಬಿಟ್ಟು ಒಪ್ಕೊಳ್ಳೋಕೆ ಮರ್ಯಾದೆ ಅಡ್ಡ ಬಂದಿರತ್ತೆ."

ರಾಗಿಗುಡ್ಡಕ್ಕೆ ಹೋಗಿ ಬರುವ ಒಂದು ಗಂಟೆ ಕಾಲ ಅವಳಿಗೆ ಸಿಗ್ನಲ್ಲುಗಳ ಬಣ್ಣ ಬಿಟ್ಟರೆ ಏನೂ ಕಾಣಲಿಲ್ಲ. ಹಿಂತಿರುಗುವಾಗ ಮೇಡಂ ಸೇತುರಾಮನಿಗೆ ಫೋನು ಮಾಡಿದರು, ಕಿವಿ ಮಂದವಾದ್ದರಿಂದ ಸ್ಪೀಕರಿನಲ್ಲಿ. "ನನ್ನ ಕಂಪ್ಲೇಂಟು ಬಿಟ್ಬಿಡಿ. ಅವನೇ ಸರಿ ಮಾಡಿಸಿದಾನೆ" ಅಂದರು. ಸೇತುರಾಮನ ದನಿ ಆಂಜನೇಯನ ಪಕ್ಕದಿಂದ ಬಂದ ಹಾಗೆ ಕೇಳಿಸಿತು: "ಒಳ್ಳೇದೇ ಆಯ್ತು ಮೇಡಂ. ತಪ್ಪು ಒಪ್ಕೊಂಡಂಗಾಯ್ತಲ್ಲ. ಇನ್ಮೇಲೆ ಯಾರೂ ಅವನ ಪರ ಮಾತಾಡೋ ಹಾಗಿಲ್ಲ. ನಾಳೆ ಮೀಟಿಂಗಲ್ಲಿ ಮುಗಿಸ್ಬಿಡೋಣ, ಒಂದನೇ ತಾರೀಖಿಂದ ಏಜೆನ್ಸಿ." ಮೇಡಂ "ಅಯ್ಯೋ, ನಾನು ಹಾಗಲ್ಲ..." ಎನ್ನುವಷ್ಟರಲ್ಲಿ ಲೈನು ಹೋಯಿತು. ಅವರು ಫೋನನ್ನು ಮಡಿಲಲ್ಲಿಟ್ಟುಕೊಂಡರು. ತಾನು ಮಾಡಿದ ಅತ್ಯುತ್ತಮ ಕೆಲಸ, ಈ ಇಪ್ಪತ್ತಮೂರು ವರ್ಷಗಳಲ್ಲಿ ಕುಂದಿಲ್ಲದೆ ಮುಗಿಸಿದ ಒಂದೇ ಕೆಲಸ, ಒಬ್ಬನನ್ನು ಗೇಟಿನಿಂದಾಚೆ ತಳ್ಳಿತು ಎಂಬುದನ್ನು ಗಿರಿಜಾ ಎರಡನೇ ಗೇರಿನಲ್ಲಿ ಹೋಗುತ್ತ ಅರ್ಥಮಾಡಿಕೊಂಡಳು. ಕೆಟ್ಟದಾಗಿ ಮಾಡಿದ್ದರೂ ಆಗುತ್ತಿತ್ತು.

ಚೀಲ ಕೊಡಲು ಮೊದಲ ಮಹಡಿಗೆ ಹೋದಾಗ ಮೇಡಂ ಅಡುಗೆಮನೆಯಿಂದ ಸ್ಟೀಲ್ ಲೋಟದಲ್ಲಿ ಕಾಫಿ ತಂದರು. ಅವರ ಮುಖ ಸಪ್ಪಗಿತ್ತು. "ಶಾಮಣ್ಣಂಗೆ ಕೊಡು. ನಾನು ಕ್ಷಮಿಸಿದೀನಿ ಅಂತ ಹೇಳು. ಅಷ್ಟಾದ್ರೂ ಗೊತ್ತಾಗ್ಲಿ." ಆಗ ಆ ನಾಲ್ಕು ಪದ ಹೇಳಬಹುದಿತ್ತು. ಬಾಯಿ ತೆರೆದಳು ಕೂಡ. ಬಂದದ್ದು ಒಂದೇ: "ಸಕ್ರೆ ಹಾಕಿದೀರಾ ಮೇಡಂ?" ಹಾಕಿದ್ದರು.

ಮೆಟ್ಟಿಲಿಳಿಯುತ್ತ, ಅವನಿಗಾದರೂ ಮೆಲ್ಲಗೆ, ಇಬ್ಬರಿಗೇ ಕೇಳುವ ಹಾಗೆ ಹೇಳಿಬಿಡುತ್ತೇನೆ ಎಂದು ನಿಶ್ಚಯಿಸಿದಳು. ಅವನು ಒಳ್ಳೆಯವನು, ಅಯ್ಯೋ ಬಿಡವ್ವ ಅನ್ನುತ್ತಾನೆ, ಅಲ್ಲಿಗೆ ಮುಗಿಯುತ್ತದೆ. ಅವನು ಹಾಗನ್ನುವ ದನಿಯನ್ನೂ ಕಲ್ಪಿಸಿಕೊಂಡು, ಆಗಲೇ ಅರ್ಧ ಹಗುರಾಗಿ ಗೇಟು ತಲುಪಿದಳು. ಎದುರಿಗೆ ಇಸ್ತ್ರಿ ಗಾಡಿಯವನು ಕೆಂಡ ಕೆದಕುತ್ತಿದ್ದ. ಎರಡನೇ ಮಹಡಿಯ ಆಂಟಿ ನಾಯಿ ಹಿಡಿದುಕೊಂಡು ಒಳಗೆ ಬರುತ್ತಿದ್ದರು. ಶಾಮಣ್ಣ ಕುರ್ಚಿಯಿಂದ ಏಳಲಿಲ್ಲ. ಲೋಟ ನೋಡಿದ, ಅವಳನ್ನು ನೋಡಿದ.

"ಯಾರವ್ವ ಕೊಟ್ಟಿದ್ದು?"

"ಮೇಡಂ."

"ಆರು ವರ್ಸ ಆಯ್ತು, ಇವತ್ತೇನು ಇಸೇಸ?"

"ಕ್ಷಮಿಸಿದಾರಂತೆ."

"ಯಾವುದ್ಕೆ?"

ಲೋಟ ಬೆರಳು ಸುಡುತ್ತಿತ್ತು. ಅವನು ತೆಗೆದುಕೊಳ್ಳಲು ಕೈ ಚಾಚಲಿಲ್ಲ.

"ಕರ್ಪೂರ... ಹಚ್ಚಿದ್ದು ನಾನು ಶಾಮಣ್ಣ," ಎಂದಳು, ತನ್ನ ದುಪಟ್ಟಕ್ಕೆ ಹೇಳುವವಳಂತೆ.

ಶಾಮಣ್ಣ ಕೈಯನ್ನು ಕಿವಿಯ ಹಿಂದಿಟ್ಟು ಬಾಗಿದ. "ಏನಂದೆ? ಕೇಳಿಸ್ನಿಲ್ಲ ಕಣವ್ವ."

"ಡ್ಯಾಶ್‌ಬೋರ್ಡು. ನಾನೇ. ಕರ್ಪೂರ ಹಚ್ಚಿ."

"ಇನ್ನೂ ವಸಿ ಜೋರಾಗೇಳು."

ಇಸ್ತ್ರಿಯವನು ಕೆದಕುವುದನ್ನು ನಿಲ್ಲಿಸಿದ. ಆಂಟಿಯ ನಾಯಿ ಕೂತುಕೊಂಡಿತು. ನಾಲ್ಕು ದಿನ ಎಣ್ಣೆ, ಸೋಡ, ಗಮ್ಮು, ಮೇಣ ಮೆತ್ತಿ ಮೆತ್ತಿ ಮುಚ್ಚಿದ್ದ ಅವಳ ಗಂಟಲು ತಾನಾಗಿ ಬಿಚ್ಚಿಕೊಂಡಿತು.

"ಕರ್ಪೂರ ಹಚ್ಚಿದ್ದು ನಾನು! ಅದಕ್ಕೇ ಸೀಳಿದ್ದು! ನೀವು ದಿನಾ ಕವರ್ ಹೊದಿಸಿದೀರ, ಬೆಳಿಗ್ಗೆ ತೆಗ್ದೋಳು ನಾನೇ, ನೋಡಿದೀನಿ! ರಿಪೇರಿ ಮಾಡಿದ್ದೂ ನಾನೇ, ಯಾರ್ನೂ ಕರೆಸಿಲ್ಲ, ನಾನೇ ಮಾಡಿದ್ದು!"

ಕೊನೆಯ ಮಾತಿನಲ್ಲಿ ಹೆಮ್ಮೆ ಇಣುಕಿತ್ತು. ಅದು ತನಗೇ ಕೇಳಿಸಿ ಅವಳಿಗೆ ನಾಚಿಕೆಯಿಂದ ಸಾಯುವಂತಾಯಿತು. ಮೇಲೆ ಬಾಲ್ಕನಿಯ ಬಾಗಿಲು ಕಿರ್ರೆಂದಿತು. ಸರಸ್ವತಿ ಮೇಡಂ ಕಂಬಿ ಹಿಡಿದು ನಿಂತಿದ್ದರು, ಎಷ್ಟು ಹೊತ್ತಿನಿಂದಲೋ. ಮೂರನೇ ಮಹಡಿಯ ಕಿಟಕಿಯಲ್ಲೂ ಒಂದು ತಲೆ.

"ಗಿರಿಜಾ," ಅಂದರು ಮೇಡಂ. "ಕಾರಿನ ಕೀ ತಗೊಂಡು ಮೇಲೆ ಬಾ."

ಆಗ ಶಾಮಣ್ಣ ಲೋಟ ತೆಗೆದುಕೊಂಡ. ಊದಿದ. ಒಂದು ಗುಟುಕು ಕುಡಿದು, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ:

"ನಂಗೆ ಮೊದ್ಲನೇ ಸಲಾನೇ ಕೇಳುಸ್ತು ಕಣವ್ವ."

ಅವಳು ಕೀ ಹಿಡಿದು ಮೆಟ್ಟಿಲು ಹತ್ತಿದಳು.